ಅಟ್ಟದ ಮೇಲೆ ಗಂಗಮ್ಮನ ಕಾಯಿ

"ಹುಷಾರು ಕಣವ್ವ, ಮೇಲ್ಗಡೆ ಮೆಟ್ಲು ಅಲ್ಲಾಡ್ತದೆ," ಎಂದು ಚಿಕ್ಕಗೌರಮ್ಮ ಏಣಿ ಹಿಡಿದುಕೊಂಡು ಕೆಳಗಿನಿಂದ ಕೂಗಿದರು.

ಅಲ್ಲಾಡುತ್ತಿದ್ದದ್ದು ಮೆಟ್ಟಿಲಲ್ಲ, ನನ್ನ ಮೊಣಕಾಲು. ತಿಪಟೂರಿನಲ್ಲಿ ಪತ್ತೇದಾರಿ ಆಫೀಸು ತೆರೆದು ವರ್ಷಗಳಾದವು, ಎತ್ತರ ಕಂಡರೆ ತಲೆ ಸುತ್ತುವುದು ಮಾತ್ರ ನಿಂತಿಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದು, ಕಣ್ಣು ಅರ್ಧ ಮುಚ್ಚಿಕೊಂಡು ಅಟ್ಟದ ಮೇಲಕ್ಕೆ ತೆವಳಿದೆ.

ಅಟ್ಟದ ತುಂಬ ಸಿಪ್ಪೆ ಸುಲಿಯದ ಕಾಯಿ. ವರ್ಷದ ಹತ್ತಿರ ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಾವಾಗಿಯೇ ಉಂಡೆ ಕೊಬ್ಬರಿ ಆಗಬೇಕಾದ ಕಾಯಿಗಳು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗಿನ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಎಂದಿತು.

"ಹೆಂಗವೆ ನಮ್ಮ ಕಾಯಿ?"

"ಬಹಳ ಚೆನ್ನಾಗಿವೆ ಅಮ್ಮ."

"ಹುಡುಗಿ ಕಡೆಯೋರ್ಗೆ ಹಂಗೇ ಹೇಳವ್ವ. ಈ ಮನೆ ಅಟ್ಟ ಯಾವತ್ತೂ ಬರಿದಾಗಿಲ್ಲ ಅಂತ. ಕಾಫಿ ಇಟ್ಟು ಬತ್ತೀನಿ, ನಿಧಾನಕ್ಕೆ ನೋಡು."

ಇಲ್ಲೊಂದು ಮಾತು ಹೇಳಿಬಿಡಬೇಕು. ನಾನು ಯಾವ ಹುಡುಗಿಯ ಕಡೆಯವಳೂ ಅಲ್ಲ. ಆದರೆ ನನಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಮದುವೆಗೆ ಮುಂಚಿನ ವಿಚಾರಣೆ. ಹಾಲ್ಕುರಿಕೆಯಿಂದ ಸಂಪಿಗೆಯವರೆಗೆ ಗಂಡು ಹೆತ್ತ ತಾಯಂದಿರಿಗೆಲ್ಲ ನನ್ನ ಮುಖ ಗೊತ್ತು. "ಮನೆ ನೋಡಬಹುದಾ?" ಎಂದು ಕೇಳಿದೆ, ಅಷ್ಟೇ. ಮಿಕ್ಕದ್ದನ್ನು ಚಿಕ್ಕಗೌರಮ್ಮನವರೇ ತುಂಬಿಕೊಂಡರು. ಪಾಪ ಅನ್ನಿಸಿತು. ಏಣಿ ಇಳಿದು ಹೋಗುವಷ್ಟು ಅನ್ನಿಸಲಿಲ್ಲ.

ನನ್ನನ್ನು ಗುಟ್ಟಾಗಿ ಕರೆಸಿದವರು ಕೆರೆ ಸಂಘದ ಅಧ್ಯಕ್ಷೆ ಗಂಗಕ್ಕ. ತೋಟಗಳಿಗೆ ನೀರು ಬಿಡುವ ತೂಬು ಮುಚ್ಚಿ ಬೀಗ ಹಾಕಿದ್ದರೂ ಹಿರೇಕೆರೆಯ ನೀರು ಇಳಿಯುತ್ತಲೇ ಇದೆ, ಎಲ್ಲಿಗೆ ಹೋಗುತ್ತಿದೆ ಹುಡುಕಿಕೊಡಿ ಎಂದಿದ್ದರು.

ಊರಿನವರಿಗೆ ಹುಡುಕುವ ತಾಳ್ಮೆ ಉಳಿದಿರಲಿಲ್ಲ. ತೂಬು ಕಾಯುವ ನೀರುಗಂಟಿ ನಂಜುಂಡಪ್ಪನವರೇ ತಮಗೆ ಬೇಕಾದವರ ತೋಟಕ್ಕೆ ಕದ್ದು ನೀರು ಬಿಡುತ್ತಿದ್ದಾರೆ ಎಂದು ಸಂಘದ ಕಾರ್ಯದರ್ಶಿ ದಯಾನಂದ್ ದೂರು ಎತ್ತಿದ್ದ. ಇವತ್ತು ಮಧ್ಯಾಹ್ನ ಕೆರೆ ಏರಿಯ ಮೇಲೆ ಸಭೆ. ನಂಜುಂಡಪ್ಪನವರ ಕೈಯಿಂದ ತೂಬಿನ ಬೀಗದ ಕೈ ಕಿತ್ತುಕೊಳ್ಳುವುದು, ತೂಬು ಎಲ್ಲರಿಗೂ ತೆರೆದುಬಿಡುವುದು. ಮಾತು ಅಲ್ಲಿಗೆ ಬಂದು ನಿಂತಿತ್ತು.

ಹಾಗಾದರೆ ಕೆರೆಯ ಕಥೆ ಮುಗಿಯಿತು. ಹಿಂದೆ ಬೇಸಿಗೆ ಬಂತೆಂದರೆ ಹಿರೇಕೆರೆ ಬಿರುಕು ಬಿಟ್ಟು ಮಲಗುತ್ತಿತ್ತು. ಹೇಮಾವತಿ ನಾಲೆಯ ನೀರು ಹರಿದ ಮೇಲೆ ಗಂಗಕ್ಕ ಮನೆಮನೆ ಸುತ್ತಿ ಒಂದು ಕಟ್ಟಳೆ ತಂದರು. ನೀರು ಗುರುತಿನ ಕಲ್ಲಿನವರೆಗೆ ಇಳಿದ ಮೇಲೆ ತೋಟಕ್ಕೆ ಒಂದು ಹನಿಯೂ ಇಲ್ಲ, ಉಳಿದದ್ದು ಕೆರೆಗೇ. ಎಲ್ಲರೂ ಗೊಣಗಿದರು, ಎಲ್ಲರೂ ಪಾಲಿಸಿದರು. ಈಗ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರಿದೆ, ಮೀನಿದೆ, ಹೆಜ್ಜಾರ್ಲೆ ಹಕ್ಕಿಗಳು ಬಂದು ಇಳಿಯುತ್ತವೆ. ಆ ಕಟ್ಟಳೆಯನ್ನು ಕಾಯುತ್ತಿದ್ದದ್ದು ನಂಜುಂಡಪ್ಪನವರ ಸೊಂಟದ ಬೀಗದ ಕೈ. ಅವರ ಮಾನ ಹೋದರೆ ಅದೂ ಹೋಗುತ್ತದೆ.

ಇಷ್ಟಕ್ಕೆ ಅಟ್ಟ ಯಾಕೆ ಹತ್ತಿದೆ ಅನ್ನುತ್ತೀರಾ? ಗಂಗಮ್ಮನ ಕಾಯಿಗಾಗಿ.

ಈ ಊರಿನಲ್ಲಿ ಮುಂಗಾರಿನ ಗಾಳಿ ಏಳುವಾಗ ಪ್ರತಿ ಮನೆಯವರೂ ಒಂದು ಇಡೀ ಕಾಯಿಗೆ ಅರಿಶಿನ ಬಳಿದು, ಕೆರೆಯ ದೇವತೆ ಗಂಗಮ್ಮನಿಗೆಂದು ನೀರಿನಲ್ಲಿ ತೇಲಿಬಿಡುತ್ತಾರೆ. ಅದನ್ನು ಒಡೆಯುವಂತಿಲ್ಲ, ಮರಳಿ ಎತ್ತುವಂತಿಲ್ಲ. ಗಾಳಿ ಅವನ್ನೆಲ್ಲ ಬಡಗಲ ಮೂಲೆಗೆ, ಹೆಚ್ಚಿನ ನೀರು ಹೊರಬೀಳುವ ಕೋಡಿಗೆ ತಳ್ಳುತ್ತದೆ. ಪ್ರತಿ ವರ್ಷ ಅಲ್ಲಿ ಹಳದಿ ರಾಶಿ.

ಈ ವರ್ಷ ಕೋಡಿಯಲ್ಲಿ ಒಂದೇ ಒಂದು ಕಾಯಿ ಇರಲಿಲ್ಲ.

ಕೆರೆಯ ನೀರು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕೊರೆಯಿತು. ಗಾಳಿ ಅದೇ, ಕೆರೆ ಅದೇ. ಕಾಯಿ ಕೋಡಿಗೆ ಹೋಗಲಿಲ್ಲವೆಂದರೆ ಬೇರೆ ಏನೋ ಅವನ್ನು ಬೇರೆ ಕಡೆಗೆ ಎಳೆದಿದೆ. ಎಳೆದ ಜಾಗದಲ್ಲೂ ಕಾಣಲಿಲ್ಲವೆಂದರೆ ಯಾರೋ ಎತ್ತಿದ್ದಾರೆ. ಎತ್ತಿ ಏನು ಮಾಡುತ್ತಾರೆ? ಬೇರೆ ಸೀಮೆಯ ಕಳ್ಳನಾದರೆ ಹೂತುಬಿಡುತ್ತಿದ್ದ. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಕಾಯಿ ಹೂಳಲು ಕೈ ಬರುವುದಿಲ್ಲ. ಹಾಗಾಗಿ ಎರಡು ದಿನದಿಂದ ಏರಿಯ ಕೆಳಗಿನ ಮನೆಗಳ ಅಟ್ಟ ಹತ್ತಿ ಇಳಿಯುತ್ತಿದ್ದೇನೆ. ಪ್ರತಿ ಮನೆಯಲ್ಲೂ ಕಾಫಿ. ಹೊಟ್ಟೆ ಕೆಟ್ಟಿದೆ.

ಹಿಂದಿನ ಮೂಲೆಗೆ ತೆವಳಿದೆ. ಅಲ್ಲಿದ್ದ ಕಾಯಿಗಳನ್ನು ಬೇರೆಯವುಗಳಿಂದ ಬಿಡಿಸಿ, ಒಂದು ಹಳೆಯ ಚಾಪೆಯ ಮೇಲೆ ಒಪ್ಪವಾಗಿ ಜೋಡಿಸಿದ್ದರು. ಒಂದನ್ನು ಅಲ್ಲಾಡಿಸಿದೆ. ಲೊಟಲೊಟ ಇಲ್ಲ, ಒಳಗೆ ನೀರು ಕುಲುಕಿತು. ಮೊನ್ನೆ ಮೊನ್ನೆಯ ಕಾಯಿ. ಯಾರೋ ಚೆನ್ನಾಗಿ ತೊಳೆದಿದ್ದರು, ಆದರೂ ಸಿಪ್ಪೆಯ ಗೆರೆಗಳ ಒಳಗೆ ಹಳದಿ ಉಳಿದಿತ್ತು. ಇನ್ನೊಂದಕ್ಕೆ ತೊಟ್ಟಿನ ಹತ್ತಿರ ಕಪ್ಪು ಕೆಸರು ಮೆತ್ತಿಕೊಂಡಿತ್ತು. ಮೂಗಿಗೆ ಹಿಡಿದೆ, ಕೊಳೆತ ಮೊಟ್ಟೆಯ ವಾಸನೆ.

ವಿಚಿತ್ರವೆಂದರೆ, ಸಾಲಿನ ಮುಂದೆ ಒಂದು ಬಾಡಿದ ದಾಸವಾಳದ ಹೂವಿತ್ತು. ಕದ್ದ ಮಾಲಿಗೆ ಹೂವು ಮುಡಿಸುವ ಕಳ್ಳನನ್ನು ನಾನು ಇದುವರೆಗೆ ಕಂಡಿಲ್ಲ.

ಉಸಿರು ತೆಗೆದುಕೊಳ್ಳಲು ಬೆಳಕಿಂಡಿಗೆ ಮುಖ ಕೊಟ್ಟೆ. ಕೆಳಗೆ ಈ ಮನೆಯ ತೋಟದ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಅದರಿಂದಲೂ ಅದೇ ವಾಸನೆ. ಆಚೆ ಇಡೀ ಕೆರೆ ಕಾಣುತ್ತಿತ್ತು. ನಡುವೆ ತೆಪ್ಪದಲ್ಲಿ ಕೃತಿಕಾ ಕೂತಿದ್ದಳು. ನಂಜುಂಡಪ್ಪನವರ ಮೊಮ್ಮಗಳು, ತುಮಕೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಸಂಘಕ್ಕಾಗಿ ಕೆರೆಯ ನೀರು ಪರೀಕ್ಷೆ ಮಾಡುವವಳು. ಬೆಳಿಗ್ಗೆ ದಡದಲ್ಲಿ ಸಿಕ್ಕಿದ್ದಳು. ತಳದ ನೀರು ತೆಗೆಯುವ ಬಾಟಲಿಗೆ ಹಗ್ಗ ಕಟ್ಟುತ್ತಿದ್ದಳು. ಎರಡು ಸುತ್ತು ಸುತ್ತಿ, ತುದಿಯನ್ನು ಮಡಚಿ ಒಳಗೆ ಸಿಕ್ಕಿಸಿದ ಒಂದು ಗಂಟು.

"ಇದ್ಯಾವ ಗಂಟಮ್ಮ?" ಎಂದು ಕೇಳಿದ್ದೆ.

"ನಮ್ಮ ತಾತಂದು ಕಣ್ರೀ. ಎಳ್ದಷ್ಟೂ ಬಿಗಿ ಆಯ್ತದೆ. ಈ ಬಾಲ ಎಳೆದ್ರೆ ಒಂದೇ ಸಲಕ್ಕೆ ಬಿಚ್ಕಳುತ್ತೆ. ನನ್ನ ಬಿಟ್ಟು ಯಾರ್ಗೂ ಕಲ್ಸಿಲ್ಲ," ಎಂದು ನಕ್ಕಿದ್ದಳು.

ಆಮೇಲೆ ಕೆರೆಯ ಬಗ್ಗೆ ಹೇಳಿದಳು. ಕೆರೆ ಬತ್ತುವುದು ನಿಂತಿತು, ಹೊಸ ತಾಪತ್ರಯ ಶುರುವಾಯಿತು. ತೋಟಗಳ ಗೊಬ್ಬರ ತೊಳೆದು ಬಂದು ಅಂತರಗಂಗೆ ಕಳೆ ಹಬ್ಬುತ್ತದೆ, ಅದು ಕೊಳೆತು ತಳಕ್ಕೆ ಇಳಿಯುತ್ತದೆ, ತಳದ ನೀರಿನಲ್ಲಿ ಮೀನಿಗೆ ಉಸಿರೇ ಇಲ್ಲ. ಹೋದ ವರ್ಷ ಮೊದಲ ಮಳೆಗೆ ಆ ಕೊಳೆಯೆಲ್ಲ ಕದಡಿ ಮೇಲೆದ್ದು, ದಡದ ತುಂಬ ಮೀನು ಸತ್ತು ಬಿದ್ದಿತ್ತು.

"ಈ ವರ್ಷ?"

"ಈ ವರ್ಷ ತಳದ ನೀರು ಪರ್ವಾಗಿಲ್ಲ," ಎಂದವಳು ಮುಖ ತಿರುಗಿಸಿ ತೆಪ್ಪ ತಳ್ಳಿದ್ದಳು. ಯಾಕೆ ಪರವಾಗಿಲ್ಲ ಎಂದು ಕೇಳಬೇಕಿತ್ತು. ನನ್ನ ತಲೆಯ ತುಂಬ ಕಾಯಿ ಇತ್ತು.

ಹಿಂದೆ ಏನೋ ಕರಕರ ಎಂದಿತು. ತಿರುಗಿದೆ. ಅಟ್ಟದ ಅಂಚಿನಲ್ಲಿ ಕಾಣುತ್ತಿದ್ದ ಏಣಿಯ ತುದಿ ಮಾಯವಾಗಿತ್ತು.

ಕೆಳಗೆ ಚಿಕ್ಕಗೌರಮ್ಮನವರ ಮಗ ದಯಾನಂದ್ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಭೆಗೆ ಹೊರಟ ಗತ್ತು, ಹೆಗಲ ಮೇಲೆ ಏಣಿ.

"ಅಲ್ಲೇ ಇರಿ ಮಧುಶ್ರೀ ಮೇಡಂ. ಹುಡುಗಿ ಕಡೆಯೋರಂತೆ! ಗಂಗಕ್ಕ ಕರ್ಸಿರೋ ಪತ್ತೇದಾರಿ ಅಂತ ಈಗ್ತಾನೆ ಗೊತ್ತಾಯ್ತು."

"ಹುಡುಗಿ ಕಡೆ ಅಂತ ನಾನು ಹೇಳ್ಲಿಲ್ಲ ದಯಾನಂದ್. ಮನೆ ನೋಡ್ಬೇಕು ಅಂದೆ. ನೋಡ್ತಾ ಇದೀನಿ."

"ಸಭೆ ಮುಗೀಲಿ, ನಾನೇ ಇಳಿಸ್ತೀನಿ."

ನನಗೆ ಭಯವಾಯಿತು. ಅವನ ಭಯವಲ್ಲ, ಎತ್ತರದ್ದು. ಆದರೂ ಅಂಚಿನವರೆಗೆ ತೆವಳಿ, ಒಂದು ತೊಲೆ ತಬ್ಬಿಕೊಂಡು ಕೂತೆ. ಮಾತು ಬೆಳೆಸಬೇಕಿತ್ತು. ಅಡುಗೆಮನೆಯಿಂದ ಕಾಫಿಯ ವಾಸನೆ ಬರುತ್ತಿತ್ತು.

"ಹೋಗಿ. ಒಂದು ಹೇಳಿ ಹೋಗಿ. ಗಂಗಮ್ಮನ ಕಾಯಿ ಎಲ್ಲಿ ಸಿಕ್ವು?"

"ಯಾವ ಕಾಯಿ?"

"ಇಲ್ಲಿ ಚಾಪೆ ಮೇಲೆ ಸಾಲಾಗಿ ಕೂತವೆ ನೋಡಿ."

ಅವನ ಬಾಯಿ ತೆರೆದುಕೊಂಡಿತು. "ಅಟ್ಟದ ಮೇಲಾ? ಅದೆಂಗೆ ಬಂದ್ವು?"

ಆ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಳ್ಳನಿಗೇ ತನ್ನ ಮಾಲು ಎಲ್ಲಿದೆ ಗೊತ್ತಿರಲಿಲ್ಲ.

"ನೀವು ಎಲ್ಲಿ ಬಚ್ಚಿಟ್ಟಿದ್ರಿ? ತೋಟದ ಕಾಲುವೇಲಾ? ಅಲ್ಲಿ ನೀರು ಹರೀತಿದೆಯಲ್ಲ, ಕೊಳೆತ ಮೊಟ್ಟೆ ವಾಸ್ನೆದು. ಬೋರ್‌ವೆಲ್ ನೀರು ಹಂಗೆ ನಾರಲ್ಲ ದಯಾನಂದ್. ಅದು ಕೆರೆ ತಳದ ನೀರು. ಹಳೇ ತೂಬಿನ ನೀರು."

ಏಣಿ ಅವನ ಹೆಗಲಿನಿಂದ ಜಾರಿತು.

ಹಳೇ ತೂಬು ಕೆರೆಯ ತೆಂಕಲ ತುದಿಯಲ್ಲಿದೆ, ಏರಿ ಸುತ್ತುವಾಗ ಕಂಡಿದ್ದೆ. ಎರಡು ಕಲ್ಲುಕಂಬ, ಅವುಗಳ ನಡುವೆ ನೀರಿನ ಅಡಿಯಲ್ಲಿ ಒಂದು ತೂತು, ಅದಕ್ಕೊಂದು ಮರದ ಬಿರಡೆ. ಹೊಸ ತೂಬು ಕಟ್ಟಿದ ಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಅದರ ಕಾಲುವೆಗೆ ಉದ್ದಕ್ಕೂ ಚಪ್ಪಡಿ ಮುಚ್ಚಿದೆ. ಅದು ಬಾಯಿ ತೆರೆಯುವುದು ದಯಾನಂದನ ಬೇಲಿಯ ಒಳಗೆ ಮಾತ್ರ.

"ಗಾಳಿ ಬಡಗಲಿಗೆ ತಳ್ತಿದ್ರೂ ಕಾಯಿ ತೆಂಕಲಿಗೆ ಬಂದು, ಆ ಕಂಬಗಳ ಮಧ್ಯೆ ಸುತ್ತುತಾ ಇದ್ವು. ಅಲ್ವಾ? ಯಾರು ನೋಡಿದ್ರೂ ಕೆಳಗೆ ಸುಳಿ ಐತೆ ಅಂತ ತಿಳೀತಿತ್ತು. ಅದಕ್ಕೇ ಎತ್ತಿದ್ರಿ."

"ನಾನು ತೂಬು ತೆಗ್ದಿಲ್ಲ!" ಅವನು ಕೂಗಿಬಿಟ್ಟ. "ನಮ್ಮವ್ವನಾಣೆ ತೆಗ್ದಿಲ್ಲ. ಒಂದಿನ ಬೆಳಿಗ್ಗೆ ನೋಡ್ತೀನಿ, ಕಾಲುವೆ ತುಂಬ ನೀರು. ತಾನಾಗೇ ಬಂದಿದ್ದನ್ನ ಬ್ಯಾಡ ಅನ್ನಕ್ಕಾಯ್ತದಾ?"

"ಬೇಡ ಅನ್ನೋದು ಇರ್ಲಿ. ನಂಜುಂಡಪ್ಪನೋರ ಮೇಲೆ ಹಾಕಿದ್ರಲ್ಲ?"

"ಯಾರ ಮೇಲಾದ್ರೂ ಹಾಕದಿದ್ರೆ ಹುಡುಕ್ಕಂಡು ನಮ್ಮ ತೋಟಕ್ಕೇ ಬರೋರು."

ಅಡುಗೆಮನೆ ಬಾಗಿಲಲ್ಲಿ ಲೋಟ ನೆಲಕ್ಕೆ ಬಿತ್ತು.

ಚಿಕ್ಕಗೌರಮ್ಮ ನಿಂತಿದ್ದರು. ಕಾಫಿ ಅವರ ಕಾಲ ಮೇಲೆ ಚೆಲ್ಲಿತ್ತು, ಅವರಿಗೆ ಪರಿವೆಯೇ ಇರಲಿಲ್ಲ.

"ನೀನು ಎತ್ತಿದ್ದೇನ್ಲಾ ಗಂಗಮ್ಮನ ಕಾಯಿನಾ?"

"ಅವ್ವ, ನೀನು ಒಳೀಕ್ ಹೋಗು."

"ತೋಟದಲ್ಲಿ ತೆಂಗಿನ ಗರಿ ಕೆಳಗೆ ಕಂಡ್ವು ಕಣವ್ವ," ಎಂದು ಅವರು ಮಗನನ್ನು ಬಿಟ್ಟು ನನ್ನನ್ನೇ ನೋಡಿ ಹೇಳಿದರು. "ಕಾಲುವೇಲಿ ನೀರು ಬೇರೆ ಬಂದಿತ್ತು. ಗಂಗಮ್ಮ ಕೆರೆ ಬುಟ್ಟು ನಮ್ಮ ತೋಟಕ್ಕೇ ಬಂದವ್ಳೆ ಅಂದ್ಕಂಡೆ. ತೊಳೆದು ಅಟ್ಟದಲ್ಲಿಟ್ಟು ದಿನಾ ಹೂವ ಇಕ್ಕಿದೆ. ನನ್ ಮಗ ತಂದು ಬಚ್ಚಿಟ್ಟ ಅಂತ ನಂಗೇನು ಗೊತ್ತು?"

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಿಜ ಮುಚ್ಚಿಟ್ಟು ಈ ಮನೆಗೆ ನುಗ್ಗಿದ್ದಕ್ಕೆ ನನಗೆ ನಾಚಿಕೆಯಾಯಿತು.

ಆದರೆ ಚಿಕ್ಕಗೌರಮ್ಮ ಅಳುತ್ತ ಕೂರುವವರಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏಣಿ ಇಕ್ಕಲಾ. ಇಕ್ಕು ಅಂದೆ. ಆ ಕಾಯೆಲ್ಲ ಕುಕ್ಕೆಗೆ ತುಂಬು, ತಲೆ ಮೇಲೆ ಹೊತ್ಕ. ಸಭೆಗೆ ತಾನೆ ಹೊಲ್ಟಿದ್ದು? ನಡಿ, ನಾನೂ ಬತ್ತೀನಿ."

ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಲೆಯ ಮೇಲೆ ಕುಕ್ಕೆ ಹೊತ್ತ ಕಾರ್ಯದರ್ಶಿ ಮುಂದೆ, ತಾಯಿ ಹಿಂದೆ, ನಾನು ಅವರ ಹಿಂದೆ. ಏರಿ ಹತ್ತುವಾಗ ದಾರಿಯಲ್ಲಿದ್ದವರೆಲ್ಲ ಎದ್ದು ನಿಂತು ನೋಡಿದರು.

ಸಭೆ ಆಗಲೇ ಬಿಸಿಯೇರಿತ್ತು. ಊರಿನವರು ಗಂಗಮ್ಮ ಎಂದು ಪೂಜಿಸುವ ಕಲ್ಲಿನ ಮುಂದೆ ನಂಜುಂಡಪ್ಪನವರು ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಬೀಗದ ಕೈಯನ್ನು ತಾವೇ ಬಿಚ್ಚಿ ಕಲ್ಲಿನ ಮೇಲೆ ಇಟ್ಟುಬಿಟ್ಟಿದ್ದರು. ವಯಸ್ಸಾದ ಮನುಷ್ಯ ಹಾಗೆ ನಿಂತದ್ದನ್ನು ನೋಡಲಾಗಲಿಲ್ಲ.

ಚಿಕ್ಕಗೌರಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಮಗನ ತಲೆಯಿಂದ ಕುಕ್ಕೆ ಇಳಿಸಿ ಕಲ್ಲಿನ ಮುಂದೆ ಸುರಿದರು. ಗೆರೆಗಳಲ್ಲಿ ಹಳದಿ ಉಳಿದ ಕಾಯಿಗಳು ಉರುಳಿ ಜನರ ಕಾಲಿನ ಹತ್ತಿರ ಹೋಗಿ ನಿಂತವು. ನಾನು ಕಾಯಿ, ಗಾಳಿ, ಕಂಬ, ಕಾಲುವೆ ಎಲ್ಲವನ್ನೂ ಹೇಳಿದೆ. ದಯಾನಂದ್ ಒಂದನ್ನೂ ಅಲ್ಲಗಳೆಯಲಿಲ್ಲ. ತಾಯಿ ಪಕ್ಕದಲ್ಲೇ ನಿಂತಿದ್ದರಲ್ಲ.

ಗಂಗಕ್ಕ ಬೀಗದ ಕೈ ಎತ್ತಿ, ಕಣ್ಣಿಗೆ ಒತ್ತಿಕೊಂಡು ನೀರುಗಂಟಿಯ ಕೈಗಿಟ್ಟರು.

"ತಪ್ಪಾಯ್ತು ನಂಜುಂಡಣ್ಣ. ಊರಿನ ಪರವಾಗಿ ನಾನು ಹೇಳ್ತಾ ಇದೀನಿ. ಕಟ್ಟಳೆ ಇರ್ತದೆ, ಕೈ ನಿನ್ನತ್ರಾನೇ ಇರ್ತದೆ."

ಬೇಡ ಎಂದು ಯಾರೂ ಹೇಳಲಿಲ್ಲ. ಅಲ್ಲಿಯವರೆಗೆ ಜೋರು ಮಾತಾಡಿದ್ದವರೇ ಈಗ ಬಗ್ಗಿ ತಮ್ಮ ಮನೆಯ ಕಾಯಿ ಹುಡುಕುತ್ತಿದ್ದರು. ಕೆರೆ ಉಳಿಯಿತು ಎಂದು ನನಗೆ ಅನ್ನಿಸಿದ್ದು ಆಗಲೇ. ಇಷ್ಟು ಸಂತೋಷ ನನಗೆ ಯಾವ ಕೇಸಿನಲ್ಲೂ ಆಗಿರಲಿಲ್ಲ.

"ಮೊದ್ಲು ಆ ಹಳೇ ತೂಬು ಮುಚ್ಚನ ನಡೀರಿ," ಎಂದರು ನಂಜುಂಡಪ್ಪ. ದನಿಯಲ್ಲಿ ಹಳೆಯ ಗಡಸು ಮರಳಿತ್ತು.

ತೆಂಕಲ ತುದಿಗೆ ಎಲ್ಲರೂ ಹೋದೆವು. ಗುರುತಿನ ಕಲ್ಲಿಗಿಂತ ಗೇಣು ಕೆಳಗಿತ್ತು ನೀರು. ಬಿರಡೆ ತಾನಾಗಿ ಕಿತ್ತು ಬಂದಿರಬೇಕು, ಹಳೆಯ ಮರ ತಾನೇ ಎಂದು ಯಾರೋ ಹೇಳಿದರು. ನಂಜುಂಡಪ್ಪ ಪಂಚೆ ಮೇಲೆ ಕಟ್ಟಿ ನೀರಿಗಿಳಿದರು. ಕಂಬ ಹಿಡಿದು ಮುಳುಗಿದರು. ನೀರಿನ ಮೇಲೆ ಗುಳ್ಳೆಗಳು ಬಂದವು.

ಎದ್ದಾಗ ಅವರು ಬಿರಡೆಯನ್ನು ಎದೆಗೆ ಅವುಚಿಕೊಂಡಿದ್ದರು. ಕೊಳೆತದ್ದಲ್ಲ, ಗಟ್ಟಿ ಮರ. ಅದಕ್ಕೊಂದು ಹೊಸ ಹಗ್ಗ.

"ಕಿತ್ತು ಬಂದದ್ದಲ್ಲ. ಯಾರೋ ಎತ್ತಿ, ನೀರೊಳಗೆ ಕಂಬಕ್ಕೆ ಕಟ್ಟವ್ರೆ," ಎಂದರು.

"ಯಾರು?" ಎಂದರು ಗಂಗಕ್ಕ.

ನಂಜುಂಡಪ್ಪ ಬಿರಡೆಗೆ ಕಟ್ಟಿದ್ದ ಹಗ್ಗದ ಗಂಟನ್ನು ನೋಡುತ್ತಿದ್ದರು. ಎರಡು ಸುತ್ತು ಸುತ್ತಿ, ತುದಿಯನ್ನು ಮಡಚಿ ಒಳಗೆ ಸಿಕ್ಕಿಸಿದ ಗಂಟು.

ಅವರ ಹೆಬ್ಬೆರಳು ಆ ಬಾಲದ ಮೇಲೆ ಹೋಯಿತು. ಒಂದು ಸಲ ಎಳೆದರೆ ಸಾಕು, ಗಂಟು ಇರುವುದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಆ ಗಂಟನ್ನು ಬಲ್ಲೆ ಎಂದು ಅವರಿಗೆ ನನ್ನ ಮುಖದಲ್ಲೇ ತಿಳಿಯಿತು. ನನ್ನ ಕೆಲಸ ಹೇಳುವುದು. ಹೇಳಲು ನನಗೆ ಬಾಯಿ ಬರಲಿಲ್ಲ.

ಅವರು ಬಾಲ ಎಳೆಯಲಿಲ್ಲ. ಬಿರಡೆಯನ್ನು ಮತ್ತೆ ತೂತಿಗೆ ಕೂರಿಸಲು ಬಗ್ಗಿದರು.

"ಮುಚ್ಚಬ್ಯಾಡ ತಾತ!"

ಕೃತಿಕಾ ತೆಪ್ಪದಲ್ಲಿ ಎದ್ದು ನಿಂತಿದ್ದಳು. ಮೈಯೆಲ್ಲ ಒದ್ದೆ, ಏದುಸಿರು. ಕೈಯಲ್ಲಿ ತಳದ ನೀರಿನ ಬಾಟಲಿ.

"ಅದನ್ನ ಎತ್ತಿದ್ದು ನಾನು. ನಿನ್ನ ಮೇಲೆ ಬತ್ತದೆ ಅಂತ ನಂಗೊತ್ತಿರ್ಲಿಲ್ಲ. ಇವತ್ತು ಸಭೇಲಿ ನಾನೇ ಹೇಳೋಳಿದ್ದೆ, ಈ ನೀರು ತಗಂಡು ಬರಕ್ಕೆ ತಡ ಆಯ್ತು. ತಳದ ಕೊಳೆ ಆ ತೂತಿಂದ ಅರ್ಧ ಹೋಗೈತೆ, ಇನ್ನರ್ಧ ಅಲ್ಲೇ ಐತೆ. ಈಗ ಮುಚ್ಚಿದ್ರೆ ಮೊದ್ಲ ಮಳೆಗೆ ಮೀನು ಒಂದೂ ಉಳಿಯಲ್ಲ."

ನನಗೆ ಅವಳ ಮೇಲೆ ಸಿಟ್ಟು ಬಂತು, ಅಷ್ಟೇ ಮೆಚ್ಚುಗೆಯೂ ಬಂತು. ದಯಾನಂದ್ ಬಾಯಿ ತೆರೆದ. ಚಿಕ್ಕಗೌರಮ್ಮ ಅವನ ತೋಳು ಹಿಡಿದು ಸುಮ್ಮನಿರಿಸಿದರು. ಗಂಗಕ್ಕ ಒಮ್ಮೆ ಗುರುತಿನ ಕಲ್ಲು ನೋಡಿದರು, ಒಮ್ಮೆ ಆ ಹುಡುಗಿಯ ಕೈಯ ಬಾಟಲಿ ನೋಡಿದರು. ಬೀಗದ ಕೈ ಕೊಡು ಎಂದು ಮಾತ್ರ ಯಾರೂ ಕೇಳಲಿಲ್ಲ.

ಇದ್ದಕ್ಕಿದ್ದಂತೆ ಗಾಳಿ ನಿಂತಿತು. ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಡೆಯಿಂದ ಈ ವರ್ಷದ ಮೊದಲ ಗುಡುಗು ಕೇಳಿಸಿತು. ಎದೆಮಟ್ಟ ನೀರಿನಲ್ಲಿ ನಂಜುಂಡಪ್ಪ ಬಿರಡೆ ಹಿಡಿದು ನಿಂತಿದ್ದರು. ಅವರ ತೋಳಿನ ಮೇಲೆ ಒಂದು ದಪ್ಪ ಹನಿ ಬಿತ್ತು.